ಕಾರು ಒರೆಸುವ ಮೈಕ್ರೋಫೈಬರ್ ಟವೆಲ್ ನೀರು ಹೀರುತ್ತಿಲ್ಲ, 1200 ಜಿಎಸ್‌ಎಂನ (ಚದರ ಮೀಟರಿಗೆ 1200 ಗ್ರಾಂ ತೂಗುವ) ದಪ್ಪ ಹೊಸದು ತಗೊಳ್ಳಬೇಕಾ?

ಹೊಸ ಟವೆಲ್ ತಗೊಳ್ಳಬೇಡಿ. ಮೊದಲು, ಒಣಗಲಿ ಅಂತ ನೀವು ಹಾಕಿರುವ ಟವೆಲನ್ನು ಬಚ್ಚಲ ಒಲೆಯ ಮೇಲಿನ ಗಳದಿಂದ ಇಳಿಸಿ.

ತೀರ್ಥಹಳ್ಳಿಯ ಮಳೆ, ಒಲೆಯ ಮೇಲೆ ಒಣಗಿಸೋದು, ಹೊಗೆ ವಾಸನೆ ಹೋಗಲಿ ಅಂತ ಬಟ್ಟೆ ಮೆದು ಮಾಡುವ ಸಾಫ್ಟ್‌ನರ್ ಹಾಕೋದು, ಆಮೇಲೆ ಟವೆಲ್ ನೀರನ್ನು ಹೀರದೆ ಸುಮ್ನೆ ಆಚೆ ಈಚೆ ತಳ್ಳೋದು. ನೀವು ಬರೆದಿರುವ ಪ್ರತಿಯೊಂದೂ ನನ್ನ ಮನೆಯಲ್ಲಿ ನಡೆದದ್ದೇ. ನಾನು ಸಾಗರದಲ್ಲಿ ಟ್ಯಾಕ್ಸಿ ಓಡಿಸುತ್ತೇನೆ. ನಮಗೆ ಜೋಗದ ಸೀಸನ್ ಅಂದರೆ ಮಳೆಗಾಲ. ಬಾಡಿಗೆ ಜಾಸ್ತಿ ಸಿಗುವುದೂ ಆಗಲೇ, ಕಾರಿನ ಮೈತುಂಬಾ ಕೆಮ್ಮಣ್ಣು ಮೆತ್ತುವುದೂ ಆಗಲೇ. ಬೆಳಿಗ್ಗೆ ಎದ್ದು ತೊಳೆಯಲೇಬೇಕು. ನನ್ನದು ಕಡುನೀಲಿ ಕಾರು, ಒರೆಸದೆ ಬಿಟ್ಟರೆ ಒಂದೊಂದು ಹನಿಯ ಕಲೆಯೂ ಎದ್ದು ಕಾಣುತ್ತದೆ.

ಪುನರ್ವಸು ಮಳೆ ಹಿಡಿದರೆ ನಮ್ಮಲ್ಲಿ ಬಿಸಿಲಿನ ಮುಖ ನೋಡೋಕಾಗಲ್ಲ, ನಿಮಗೆ ಹೇಳಬೇಕಾಗಿಲ್ಲ. ಒದ್ದೆ ಟವೆಲನ್ನು ಡಿಕ್ಕಿಯಲ್ಲಿ ಹಾಕಿದರೆ ಮಾರನೇ ದಿನಕ್ಕೇ ಮುಗ್ಗಲು ವಾಸನೆ. ಮನೆಮಂದಿಯ ಬಟ್ಟೆಯೆಲ್ಲ ಬಚ್ಚಲ ಒಲೆಯ ಮೇಲೆ ಒಣಗುತ್ತಿತ್ತು, ಟವೆಲನ್ನೂ ಅಲ್ಲೇ ಹಾಕಿದೆ. ನನಗೆ ದುಬಾರಿಯಾದದ್ದು ಇದೊಂದೇ ಕೆಲಸ. ಎಲ್ಲರೂ ಸಾಫ್ಟ್‌ನರ್‌ನ್ನೇ ಬೈಯುತ್ತಾರೆ. ಅದೂ ಕೆಟ್ಟದ್ದೇ, ಆದರೆ ಅದು ಮಾಡಿದ್ದನ್ನು ತೊಳೆದು ಸರಿಮಾಡಬಹುದು. ಒಲೆ ಮಾಡಿದ್ದನ್ನು ಪೂರ್ತಿ ಸರಿಮಾಡೋಕಾಗಲ್ಲ. ಅದಕ್ಕೇ ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಮೈಕ್ರೋಫೈಬರ್ ಅಂದರೆ ಹತ್ತಿ ಅಲ್ಲ, ಪ್ಲಾಸ್ಟಿಕ್. ಪಾಲಿಯೆಸ್ಟರ್ ಮತ್ತು ಪಾಲಿಅಮೈಡ್, ಅಂದರೆ ನೈಲಾನ್ ಜಾತಿಯದು, ಎರಡನ್ನೂ ಸೇರಿಸಿ ಎಳೆ ತೆಗೆಯುತ್ತಾರೆ. ಆಮೇಲೆ ಆ ಎಳೆಯನ್ನು ಸೀಳುತ್ತಾರೆ. ಟವೆಲಿನ ಚೀಟಿಯಲ್ಲಿ 80/20 ಅಥವಾ 70/30 ಅಂತ ಇರುತ್ತದಲ್ವಾ, ಅದು ಈ ಎರಡರ ಪಾಲು. ಒಂದು ಎಳೆ 9000 ಮೀಟರ್ ಉದ್ದ ಇದ್ದರೂ ಒಂದು ಗ್ರಾಂ ತೂಗುವುದಿಲ್ಲ, ಅಷ್ಟು ಸಣ್ಣದು. ನೀರು ನಿಲ್ಲುವುದು ಹೆಚ್ಚಾಗಿ ಎಳೆಯ ಒಳಗಲ್ಲ, ಸೀಳಿದ ಎಳೆಗಳ ನಡುವಿನ ಸಂದಿಯಲ್ಲಿ. ಆ ಸಂದಿ ಮುಚ್ಚಿದರೆ ಟವೆಲ್ ಎಷ್ಟೇ ದಪ್ಪ ಇದ್ದರೂ ಪ್ರಯೋಜನ ಇಲ್ಲ.

ಈಗ ಒಲೆಗೆ ಬನ್ನಿ. ಮಳೆಗಾಲದಲ್ಲಿ ನಾವು ಉರಿಸುವುದು ಅರೆಹಸಿ ಸೌದೆ, ಅಡಿಕೆ ಸಿಪ್ಪೆ, ತೆಂಗಿನ ಮಟ್ಟೆ. ಉರಿಗಿಂತ ಹೊಗೆಯೇ ಜಾಸ್ತಿ. ಆ ಹೊಗೆಯಲ್ಲಿ ಟಾರಿನಂಥ ಜಿಡ್ಡು ಇರುತ್ತದೆ. ಬಚ್ಚಲ ಮನೆಯ ಜಂತಿಗೆ ಕಪ್ಪಗೆ ಹಿಡಿದಿರುತ್ತದಲ್ಲ, ಅದೇ. ಬಿಸಿ ಹೊಗೆ ಮೇಲೆ ಹೋಗಿ ತಣ್ಣಗಿನ ಒದ್ದೆ ಟವೆಲಿಗೆ ತಾಗಿದಾಗ ಜಿಡ್ಡು ಅಲ್ಲೇ ಕೂರುತ್ತದೆ. ಜಿಡ್ಡು ಇದ್ದಲ್ಲಿ ನೀರು ಇಳಿಯುವುದಿಲ್ಲ. ಅದರ ಮೇಲೆ ಬೂದಿ ಬಂದು ಅಂಟುತ್ತದೆ. ಕೊಡವಿದರೆ ಹೋಗುತ್ತದೆ ಅಂತ ನಾನು ಅಂದುಕೊಂಡಿದ್ದೆ. ಹೋಗುವುದಿಲ್ಲ. ಕಸ ಹಿಡಿದುಕೊಳ್ಳಲಿ ಅಂತಲೇ ಮಾಡಿದ ಬಟ್ಟೆ ಅದು.

ಇಷ್ಟಾದರೂ ತೊಳೆದುಕೊಳ್ಳಬಹುದಿತ್ತು. ನಿಜವಾದ ಹಾನಿ ಮಾಡಿದ್ದು ಕಿಡಿ. ಪಾಲಿಅಮೈಡ್‌ನ ಒಂದು ಬಗೆಯಾದ ನೈಲಾನ್ 6 ಅನ್ನೋದು 220 ಡಿಗ್ರಿ ಸೆಲ್ಸಿಯಸ್ ಹತ್ತಿರ ಕರಗುತ್ತದೆ, ಪಾಲಿಯೆಸ್ಟರ್ 250-260ರಲ್ಲಿ. ಸೌದೆಯ ಕಿಡಿ ಅದಕ್ಕಿಂತ ಎಷ್ಟೋ ಬಿಸಿ. ಹತ್ತಿ ಬಟ್ಟೆಗೆ ಕಿಡಿ ಬಿದ್ದರೆ ಸುಟ್ಟು ತೂತಾಗುತ್ತದೆ, ಕಣ್ಣಿಗೆ ಕಾಣುತ್ತದೆ. ಮೈಕ್ರೋಫೈಬರ್‌ಗೆ ಬಿದ್ದರೆ ಎಳೆಯ ತುದಿಗಳು ಕರಗಿ, ಮುದುಡಿ, ತಣ್ಣಗಾದ ಮೇಲೆ ಗಟ್ಟಿ ಗುಂಡಾಗಿ ಕೂರುತ್ತವೆ. ಸಾಸಿವೆಗಿಂತ ಸಣ್ಣದು. ಟವೆಲಿನ ಗುಂಗುರು ದಾರದೊಳಗೆ ಹುದುಗಿಕೊಂಡರೆ ಕಾಣುವುದೇ ಇಲ್ಲ.

ನಾನು ಅದೇ ಟವೆಲಿನಲ್ಲಿ ಬಾನೆಟ್ ಒರೆಸಿದೆ. ನೀರು ಹೀರುತ್ತಿರಲಿಲ್ಲ, ಅದಕ್ಕೆ ಇನ್ನೂ ಒತ್ತಿ ಒರೆಸಿದೆ. ಶ್ರಾವಣದಲ್ಲಿ ಒಂದು ದಿನ ಮೋಡ ಹರಿದು ಬಿಸಿಲು ಬಿದ್ದಾಗ ನೋಡುತ್ತೇನೆ, ಬಾನೆಟ್ ತುಂಬಾ ಜೇಡರ ಬಲೆಯಂಥ ಗೆರೆ. ನನ್ನ ಕೈ ಓಡಿದ ದಾರಿಯಲ್ಲೇ ಕಮಾನು ಕಮಾನಾಗಿ ಇದ್ದವು. ಟವೆಲನ್ನು ತಿರುವಿ ಬೆರಳಾಡಿಸಿದೆ. ಒಂದು ಮೂಲೆಯಲ್ಲಿ ಉಗುರಿಗೆ ಕಟಕ್ ಅಂತ ಸಿಕ್ಕಿತು. ಕಪ್ಪು ಗುಂಡು, ಚಿವುಟಿದರೂ ಬರಲಿಲ್ಲ. ಹುಡುಕಿದರೆ ಅಂಥವು ಇನ್ನೂ ಇದ್ದವು.

ಕಾರಿನ ಬಣ್ಣದ ಮೇಲೆ ಇರುವ ಪಾರದರ್ಶಕ ಪದರ, ಅಂದರೆ ಕ್ಲಿಯರ್ ಕೋಟ್, ಸಾಮಾನ್ಯವಾಗಿ 40-50 ಮೈಕ್ರಾನ್ ದಪ್ಪ ಅಷ್ಟೇ, ತಲೆಕೂದಲಿಗಿಂತ ತೆಳು. ಶಿವಮೊಗ್ಗಕ್ಕೆ ಹೋಗಿ ಪಾಲಿಶ್ ಮಾಡಿಸಿದೆ, ಸೀಸನ್ನಿನ ದುಡಿಮೆಯಲ್ಲಿ ದೊಡ್ಡ ಪಾಲು ಅದಕ್ಕೇ ಹೋಯಿತು. ಪಾಲಿಶ್ ಅಂದರೆ ಆ ಪದರವನ್ನೇ ಇನ್ನಷ್ಟು ತೆಳು ಮಾಡೋದು. ವರ್ಷ ವರ್ಷ ಮಾಡಿಸೋಕಾಗಲ್ಲ. ಆಳದ ಗೆರೆಗಳು ಇವತ್ತಿಗೂ ಇವೆ.

ಹಾಗಾಗಿ ಇವತ್ತೇ ನಿಮ್ಮ ಟವೆಲನ್ನು ಬೆಳಕಿಗೆ ಹಿಡಿದು ಎರಡೂ ಮಗ್ಗುಲು ಬೆರಳಾಡಿಸಿ ನೋಡಿ. ಗಟ್ಟಿ ಗುಂಡು ಒಂದು ಸಿಕ್ಕಿದರೂ ಅದು ಇನ್ನು ಚಕ್ರ ಒರೆಸೋಕೆ. ಆ ಜಾಗ ಮಾತ್ರ ಕತ್ತರಿಸಿ ಉಳಿದದ್ದನ್ನು ಬಳಸುತ್ತೇನೆ ಅನ್ನಬೇಡಿ, ಕೈಗೆ ಸಿಗದ ಇನ್ನೊಂದು ಇದ್ದೇ ಇರುತ್ತದೆ. ಬಣ್ಣಕ್ಕೆ ತಾಗಿಸಲೇಬೇಡಿ.

ಗುಂಡು ಇಲ್ಲ ಅಂದರೆ ಟವೆಲ್ ಸತ್ತಿಲ್ಲ, ಉಸಿರು ಕಟ್ಟಿದೆ ಅಷ್ಟೇ. ಅದಕ್ಕೂ ಒಂದು ಪರೀಕ್ಷೆ ಇದೆ. ಅಡಿಕೆ ಸುಲಿದೋ ಸೌದೆ ಒಡೆದೋ ಒರಟಾದ ಅಂಗೈಯನ್ನು ಒಣ ಟವೆಲಿನ ಮೇಲೆ ಸವರಿ. ಒಳ್ಳೆಯ ಮೈಕ್ರೋಫೈಬರ್ ಚರ್ಮದ ಸಿಬಿರಿಗೆ ಸಿಕ್ಕಿ ಸಿಕ್ಕಿ ಹಿಡಿಯುತ್ತದೆ. ಸಾಫ್ಟ್‌ನರ್ ಕುಡಿದದ್ದು ನುಣ್ಣಗೆ ಜಾರುತ್ತದೆ. ಮುಟ್ಟೋಕೆ ಹಿತ ಅನ್ನಿಸುತ್ತದೆ, ಆದರೆ ಆ ಹಿತವೇ ರೋಗ. ಸಾಫ್ಟ್‌ನರ್‌ನಲ್ಲಿ ಇರುವುದು ಕೊಬ್ಬಿನ ಬಾಲ ಇರುವ ರಾಸಾಯನಿಕ. ಅದು ಎಳೆಗೆ ಅಂಟಿಕೊಂಡು ಮೇಲೆ ಒಂದು ಪದರ ಕಟ್ಟುತ್ತದೆ, ನೀರನ್ನು ಒಳಗೆ ಬಿಡುವುದಿಲ್ಲ. ವಾಸನೆಗೆ ಅದು ಔಷಧಿಯೇ ಅಲ್ಲ, ಒಂದು ವಾಸನೆಯ ಮೇಲೆ ಇನ್ನೊಂದನ್ನು ಹೊದಿಸುತ್ತದೆ.

ಅದನ್ನು ಬಿಡಿಸೋದು ಹೀಗೆ. ಉಗುರುಬೆಚ್ಚಗಿನ ನೀರು, 40 ಡಿಗ್ರಿ ಸಾಕು. ಹಂಡೆಯ ಕುದಿನೀರು ಸುರಿಯಬೇಡಿ. ಕುದಿನೀರಿಗೆ ಎಳೆ ಕರಗುವುದಿಲ್ಲ ನಿಜ, ಆದರೆ ಆಕಾರ ಕೆಟ್ಟು ಒರಟಾಗುತ್ತದೆ. ಪರಿಮಳ, ಕಂಡೀಷನರ್ ಏನೂ ಸೇರಿಸದ ಲಿಕ್ವಿಡ್ ಡಿಟರ್ಜೆಂಟ್ ಸ್ವಲ್ಪವೇ ಹಾಕಿ ಕೆಲವು ಗಂಟೆ ನೆನೆಸಿ. ಪೌಡರ್ ಬೇಡ, ಪೂರ್ತಿ ಕರಗದೆ ಹರಳು ಉಳಿಯಬಹುದು. ಸೋಪಿನ ಬಿಲ್ಲೆಯೂ ಬೇಡ, ಬ್ಲೀಚ್ ಅಂತೂ ಬೇಡವೇ ಬೇಡ. ಆಮೇಲೆ ಕೈಯಲ್ಲಿ ಹಿಸುಕಿ ಹಿಸುಕಿ ತೊಳೆಯಿರಿ. ಒಗೆಯುವ ಕಲ್ಲಿನ ಮೇಲೆ ಬಡಿದರೆ ಒಳಗಿನ ಮರಳು ಇನ್ನೂ ಒಳಗೆ ಹೋಗುತ್ತದೆ. ಹತ್ತಿ ಬಟ್ಟೆಯ ಜೊತೆ ಸೇರಿಸಬೇಡಿ, ಪಂಚೆಯ ನೂಲೆಲ್ಲ ಇದಕ್ಕೆ ಬಂದು ಮೆತ್ತುತ್ತದೆ.

ಜಾಲಾಡೋದರಲ್ಲಿ ಮಾತ್ರ ಜಿಪುಣತನ ಬೇಡ. ನಮ್ಮ ಬಾವಿ ನೀರು ಮೆದು, ನೊರೆ ಬೇಗ ಹೋಗುವುದಿಲ್ಲ. ಬಕೆಟ್ಟಿನ ನೀರು ತಿಳಿಯಾಗಿ, ಹಿಂಡಿದಾಗ ಒಂದು ಗುಳ್ಳೆಯೂ ಏಳದಿರುವ ತನಕ ಜಾಲಾಡಿ. ಎಲ್ಲರೂ ಹೇಳುವ ವಿನೆಗರ್ ನಿಜವಾಗಿ ಬೇಕಾಗುವುದು ಗಡಸು ಬೋರ್‌ವೆಲ್ ನೀರಿನವರಿಗೆ. ಹಾಕುವುದಾದರೆ ಬಿಳಿ ವಿನೆಗರ್ ಅರ್ಧ ಕಪ್ ಸಾಕು, ಆಮೇಲೆ ಮತ್ತೆ ತಿಳಿನೀರು. ಒಂದೇ ತೊಳೆತಕ್ಕೆ ಅಂಗೈ ಹಿಡಿಯದಿದ್ದರೆ ಇನ್ನೊಮ್ಮೆ ಮಾಡಿ. ನನ್ನ ಇನ್ನೊಂದು ಟವೆಲ್, ಸಾಫ್ಟ್‌ನರ್ ಮಾತ್ರ ಕುಡಿದದ್ದು, ಹೀಗೇ ಬದುಕಿತು.

ಒಣಗಿಸೋದು ಹೇಗೆ ಅಂದರೆ, ವಾಷಿಂಗ್ ಮೆಷಿನ್ ಇದ್ದರೆ ಸ್ಪಿನ್ ಮಾತ್ರ ಜೋರಾಗಿ ಕೊಡಿ. ಪಾಲಿಯೆಸ್ಟರ್ ಎಳೆ ತನ್ನೊಳಗೆ ನೀರು ಇಟ್ಟುಕೊಳ್ಳುವುದು ತೀರಾ ಕಮ್ಮಿ, ಸಂದಿಯ ನೀರು ಹೋದರೆ ಹತ್ತಿಗಿಂತ ಬೇಗ ಒಣಗುತ್ತದೆ. ಆಮೇಲೆ ಜಗಲಿಯಲ್ಲಿ ಹಗ್ಗ ಕಟ್ಟಿ ಫ್ಯಾನ್ ಕೆಳಗೆ ಬಿಡಿ. ಕರೆಂಟ್ ಇಲ್ಲದಿದ್ದರೆ ಗಾಳಿ ಆಡುವ ಕಡೆ ಮಡಿಕೆ ಇಲ್ಲದೆ ಹರವಿ. ಒಂದು ದಿನ ಜಾಸ್ತಿ ಆದರೂ ಪರವಾಗಿಲ್ಲ, ಬಚ್ಚಲಿಗೆ ಮಾತ್ರ ಒಯ್ಯಬೇಡಿ.

1200 ಜಿಎಸ್‌ಎಂ ವಿಷಯ. ದಪ್ಪ ಟವೆಲ್ ಒಂದೇ ಸಲಕ್ಕೆ ಇಡೀ ಕಾರು ಒಣಗಿಸುತ್ತದೆ, ಒಪ್ಪುತ್ತೇನೆ. ಆದರೆ ಅದು ಬಿಸಿಲಿರುವ ಊರಿನವರಿಗೆ. ನಮ್ಮ ಮಳೆಗಾಲದಲ್ಲಿ ಅದು ಒಣಗುವುದೇ ಇಲ್ಲ. ವಾಸನೆ ಬರುತ್ತದೆ, ನೀವು ಮತ್ತೆ ಒಲೆ ನೋಡುತ್ತೀರಿ. ಮುಂದೆ ಕೊಳ್ಳುವುದಾದರೆ 400-500 ಜಿಎಸ್‌ಎಂನ ಚಿಕ್ಕವು ಮೂರ್ನಾಲ್ಕು ತಗೊಳ್ಳಿ. ಅಂಚಿಗೆ ಗಟ್ಟಿ ಹೊಲಿಗೆ ಇರಬಾರದು, ಚೀಟಿ ಇದ್ದರೆ ಕಿತ್ತು ಹಾಕಿ, ಮೊದಲ ಸಲ ಬಳಸುವ ಮುಂಚೆ ಒಮ್ಮೆ ತೊಳೆಯಿರಿ. ಒರೆಸುವಾಗ ಉಜ್ಜಬೇಡಿ, ಹರವಿ ಮೇಲಿಂದ ಮೆಲ್ಲಗೆ ತಟ್ಟಿ ಎತ್ತಿ. ಕೈತಪ್ಪಿ ಅಂಗಳಕ್ಕೆ ಬಿದ್ದರೆ ಅವತ್ತಿಗೆ ಅದರ ಕೆಲಸ ಮುಗಿಯಿತು, ಇನ್ನೊಂದು ತಗೊಳ್ಳಿ.