ಬೆಂಗಳೂರಿಗೆ ಬಂದು ದುಡಿದ ಮೇಲೆ ಊರಿಗೆ ಏನಾದ್ರೂ ಕಟ್ಟಿಸ್ಬೇಕು, ಎಲ್ಲಿಂದ ಶುರು ಮಾಡ್ಲಿ?

ಅಪ್ಪನ ಹೆಸರಲ್ಲಿ ಬಸ್ ಸ್ಟಾಪ್ ಕಟ್ಟಿಸ್ಲಾ ಅಂತ ಕೇಳಿದೀರ. ಬೇಡ ಸಾರ್, ಕಟ್ಟಿಸೋದೇ ಬೇಡ.

ನಾನೂ ತುಮಕೂರು ಕಡೆಯವನೇ, ಬೆಂಗಳೂರಿನ ಮಾಮೂಲ್‌ಪೇಟೆಲಿ ಹೋಲ್‌ಸೇಲ್ ಅಂಗಡಿ. ಬಂದ ಹೊಸದರಲ್ಲಿ ಮಲಗಿದ್ದು ರೈಲ್ವೆ ಸ್ಟೇಷನ್ ಎದುರಿನ ತೋಟದಪ್ಪನ ಛತ್ರದಲ್ಲಿ. ಕೈಗೆ ನಾಲ್ಕು ಕಾಸು ಬಂದ್ಮೇಲೆ ನಮ್ಮ ಏರಿಯಾದಲ್ಲಿ ಕುಡಿಯೋ ನೀರಿನ ಪ್ಲಾಂಟ್ ಹಾಕ್ಸಿದೆ, ಕಾಯಿನ್ ಹಾಕಿದ್ರೆ ಕ್ಯಾನ್ ತುಂಬೋದು. ಉದ್ಘಾಟನೆ, ಹಾರ, ಫೋಟೋ ಎಲ್ಲಾ ಆಯ್ತು. ತಪ್ಪಾಗಿದ್ದು ಎಲ್ಲಿ ಅಂದ್ರೆ ಇದ್ದ ದುಡ್ಡೆಲ್ಲ ಮಷಿನ್ನಿಗೆ ಸುರಿದೆ, ನಡೆಸೋಕೆ ಅಂತ ಒಂದು ಪೈಸೆ ಎತ್ತಿಡ್ಲಿಲ್ಲ. ಬೋರ್‌ವೆಲ್ ನೀರು ಗಡಸು, ಉಪ್ಪು ಕಟ್ಟಿ ನೀರು ಸೋಸೋ ಮೆಂಬ್ರೇನ್ ಹೋಯ್ತು, ಬದಲಾಯ್ಸೋರು ಯಾರು? ಕಾಯಿನ್ ಬಾಕ್ಸ್ ಕೀಲಿ ಯಾರ ಹತ್ರ ಇರ್ಬೇಕು ಅಂತ ಬೇರೆ ಜಗಳ. ಕರೆಂಟ್ ಮೀಟರ್ ಬೇಗ ಸಿಗ್ಲಿ ಅಂತ ನನ್ನ ಹೆಸರಲ್ಲೇ ತಗೊಂಡಿದ್ದೆ ನೋಡಿ, ಪ್ಲಾಂಟ್ ನಿಂತ ಮೇಲೂ ಬಿಲ್ ಮಾತ್ರ ನಮ್ಮನೆಗೇ ಬರ್ತಿತ್ತು, ಜನ ಬೈಯೋದೂ ನನ್ನನ್ನೇ, ಕೊನೆಗೆ ಶೆಡ್ ಬಿಚ್ಚಿಸೋಕೂ ನಾನೇ ಕೂಲಿ ಕೊಟ್ಟೆ!

ನಾನು ಮಲಗಿದ್ದ ಆ ಛತ್ರ ಕಟ್ಟಿಸಿದ ಗುಬ್ಬಿ ತೋಟದಪ್ಪ ಇದೇ ಮಾಮೂಲ್‌ಪೇಟೆಲಿ ಸಣ್ಣ ವ್ಯಾಪಾರದಿಂದ ಮೇಲೆ ಬಂದೋರು. 1838ರಲ್ಲಿ ಗುಬ್ಬಿಲಿ ಹುಟ್ಟಿದ್ದು, ಮಕ್ಕಳಿರ್ಲಿಲ್ಲ. 1897ರಲ್ಲಿ ಸ್ಟೇಷನ್ ಎದುರು ಜಾಗ ತಗೊಂಡ್ರು. ಜಾಗ ನೋಡಿ ಹೆಂಗೆ ಆರಿಸಿದಾರೆ, ರೈಲಿಳಿದು ಗಂಟುಮೂಟೆ ಹೊತ್ಕೊಂಡು ರಸ್ತೆ ದಾಟಿದ್ರೆ ಸಾಕು. 1903ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ್ ಕೈಲಿ ಛತ್ರ ಓಪನ್ ಆಯ್ತು, ಆಮೇಲೆ ಓದೋ ಹುಡುಗರಿಗೆ ಹಾಸ್ಟೆಲ್ಲು. ತೋಟದಪ್ಪನವರು 1910ರಲ್ಲೇ ತೀರ್ಕೊಂಡ್ರು, ಆದ್ರೆ ಆಸ್ತಿ ಟ್ರಸ್ಟಿಗೆ ಬರೆದಿಟ್ಟಿದ್ರು, ಕೆ.ಪಿ. ಪುಟ್ಟಣ್ಣ ಚೆಟ್ಟರಂಥೋರು ಅದನ್ನ ನೋಡ್ಕೊಂಡ್ರು, ಅದಕ್ಕೇ ಅಷ್ಟು ವರ್ಷ ಆದ್ಮೇಲೂ ನನ್ನಂಥವನಿಗೆ ಅಲ್ಲಿ ಚಾಪೆ ಹಾಸೋಕೆ ಜಾಗ ಸಿಕ್ಕಿದ್ದು. ತೋಟದಪ್ಪನವರ ಹೆಸರಿನ ರಸ್ತೆ ಇದೆ ಅಲ್ಲಿ, ಬೋರ್ಡು ಯಾರು ಓದ್ತಾರೆ ಬಿಡಿ.

ಇನ್ನೂ ದೊಡ್ಡ ಮೊತ್ತ ಆಗ್ಲಿ ಅಂತ ಕಾಯೋದೂ ಬೇಡ. ಅಂಗಡಿ ಮೇಲಿನ ಫ್ಲೋರಿಂದ ಬಾಡಿಗೆ ಬರುತ್ತೆ ಅಂದ್ರಲ್ಲ, ಆ ಬಾಡಿಗೆಲಿ ಪಕ್ಕದ ಸರ್ಕಾರಿ ಶಾಲೆಗೆ ಒಬ್ಬ ಆಯಾ ಸಂಬಳ, ಟಾಯ್ಲೆಟ್ ತೊಳೆಯೋ ಖರ್ಚು ಕೊಡಿ. ಫೋಟೋ ಬರಲ್ಲ, ಹೆಸರೂ ಬರಲ್ಲ. ಮುಂದೆ ಟ್ರಸ್ಟ್ ಮಾಡೋದಾದ್ರೆ ಡೀಡ್ ಬರೆಸೋ ಮೊದ್ಲು ಒಳ್ಳೆ ಆಡಿಟರ್ ಹತ್ರ ಕೂತ್ಕೊಳ್ಳಿ, ಆಮೇಲೆ ದಯವಿಟ್ಟು ಭಾಮೈದನ್ನ ಟ್ರಸ್ಟಿ ಮಾಡ್ಬೇಡಿ.