ಕೂದಲು ಕಸಿಗೆ ಮುಂಗಡ ಕೊಡುವ ಮೊದಲು

ಓದುಗರ ಪ್ರಶ್ನೆ, ಚರ್ಮರೋಗ ತಜ್ಞರ ಉತ್ತರ

ಪ್ರಶ್ನೆ: ಮಾನ್ಯರೇ, ನನಗೆ 26 ವರ್ಷ. ಮಂಗಳೂರಿನ ಒಂದು ಖಾಸಗಿ ಕಂಪೆನಿಯಲ್ಲಿ ಕೆಲಸದಲ್ಲಿದ್ದೇನೆ. ಹಣೆಯ ಎರಡೂ ಬದಿಗಳಲ್ಲಿ ಕೂದಲು ಹಿಂದೆ ಸರಿಯಲು ತೊಡಗಿ ಎರಡು ವರ್ಷಗಳಾದವು. ಮೊನ್ನೆ ಕ್ಷೌರದಂಗಡಿಯಲ್ಲಿ ಹಿಂದಿನಿಂದ ಕನ್ನಡಿ ಹಿಡಿದು ತೋರಿಸಿದಾಗ ನೆತ್ತಿಯ ಚರ್ಮವೂ ಕಾಣಿಸಿತು. ತಂದೆಯವರಿಗೆ ತಲೆತುಂಬ ಕೂದಲಿದೆ. ಸೋದರಮಾವಂದಿರಿಬ್ಬರಿಗೂ ತಲೆ ಬೋಳು. ಮನೆಯಲ್ಲಿ ನನಗೆ ಸಂಬಂಧ ನೋಡುತ್ತಿದ್ದಾರೆ. ನಗರದ ಒಂದು ಹೇರ್ ಕ್ಲಿನಿಕ್‌ಗೆ ಹೋದಾಗ ಅಲ್ಲಿನ ಸಲಹೆಗಾರರು 3000 ಗ್ರಾಫ್ಟ್ (ತೆಗೆದು ನೆಡುವ ಕೂದಲ ಬುಡ) ಬೇಕಾಗುತ್ತದೆ, ಈ ತಿಂಗಳೊಳಗೆ ಮುಂಗಡ ಕಟ್ಟಿದರೆ ರಿಯಾಯಿತಿಯುಂಟು, ಉಳಿದದ್ದನ್ನು ಕಂತಿನಲ್ಲಿ ಕೊಡಬಹುದು ಎಂದರು. ವೈದ್ಯರು ನನ್ನನ್ನು ನೋಡಲಿಲ್ಲ. ಮದುವೆಗೆ ಮೊದಲೇ ಕಸಿ ಮಾಡಿಸಿಕೊಳ್ಳಲೇ? ಮಾತ್ರೆ ತೆಗೆದುಕೊಂಡರೆ ಗಂಡಸುತನಕ್ಕೇ ಕುತ್ತು ಎಂದು ಗೆಳೆಯರು ಹೆದರಿಸುತ್ತಾರೆ. ಅದು ನಿಜವೇ?
ಹೆಸರು ಬೇಡ, ಸುರತ್ಕಲ್

ಉತ್ತರ: ಈ ತಿಂಗಳು ಮುಂಗಡ ಕಟ್ಟಬೇಡಿ. ನಿಮ್ಮ ಪತ್ರದಲ್ಲಿ ನನ್ನನ್ನು ಎಲ್ಲಕ್ಕಿಂತ ಹೆಚ್ಚು ಕಾಡಿದ್ದು ‘ವೈದ್ಯರು ನನ್ನನ್ನು ನೋಡಲಿಲ್ಲ’ ಎಂಬ ವಾಕ್ಯ. ಕೂದಲು ಉದುರಲು ಹಲವು ಕಾರಣಗಳಿವೆ. ಅವುಗಳಲ್ಲಿ ಕೆಲವು ತಾವಾಗಿಯೇ ಸರಿಹೋಗುತ್ತವೆ, ಇನ್ನು ಕೆಲವದರಲ್ಲಿ ಕಸಿ ಮಾಡಿದರೂ ನಿಲ್ಲುವುದಿಲ್ಲ. ನಿಮ್ಮದು ಯಾವುದೆಂದು ತಿಳಿಯುವ ಮೊದಲೇ ಗ್ರಾಫ್ಟ್‌ಗಳ ಲೆಕ್ಕ ಹೇಳಿ ಹಣದ ಮಾತಿಗೆ ಬಂದವರನ್ನು ನಂಬಿ ತಲೆಯೊಡ್ಡುವುದು ಸರಿಯಲ್ಲ.

ನೀವು ವಿವರಿಸಿದ ರೀತಿಯನ್ನು ನೋಡಿದರೆ ಇದು ವಂಶದಲ್ಲಿ ಹರಿದುಬರುವ, ಆಂಡ್ರೊಜೆನೆಟಿಕ್ ಅಲೋಪೀಶಿಯ ಎಂದು ಕರೆಯುವ ಬೋಳುತನವೇ ಇರಬೇಕು. ನಮ್ಮ ದೇಹದಲ್ಲಿರುವ ಟೆಸ್ಟೊಸ್ಟಿರೋನ್ ಹಾರ್ಮೋನಿನ ಒಂದು ಪಾಲನ್ನು 5-ಆಲ್ಫಾ ರಿಡಕ್ಟೇಸ್ ಎಂಬ ಕಿಣ್ವವು ಡಿಎಚ್‌ಟಿ ಎಂಬ ಇನ್ನೂ ಪ್ರಬಲವಾದ ರೂಪಕ್ಕೆ ಬದಲಿಸುತ್ತದೆ. ಹಣೆಯ ಬದಿಯ ಮತ್ತು ನೆತ್ತಿಯ ಕೂದಲ ಬುಡಗಳು ಹುಟ್ಟಿನಿಂದಲೇ ಈ ಡಿಎಚ್‌ಟಿಗೆ ಸೂಕ್ಷ್ಮವಾಗಿದ್ದರೆ, ಒಂದು ಕೂದಲು ಉದುರಿ ಅದೇ ಬುಡದಿಂದ ಇನ್ನೊಂದು ಹುಟ್ಟುವ ಪ್ರತಿ ಸುತ್ತಿನಲ್ಲೂ ಹೊಸದು ಹಳೆಯದಕ್ಕಿಂತ ತೆಳ್ಳಗಾಗಿ, ಗಿಡ್ಡವಾಗಿ ಬರುತ್ತದೆ. ರಕ್ತದಲ್ಲಿ ಹಾರ್ಮೋನು ಹೆಚ್ಚಾಗಿರಬೇಕೆಂದೇನೂ ಇಲ್ಲ. ಈ ಗುಣ ತಾಯಿಯ ಕಡೆಯಿಂದ ಮಾತ್ರ ಬರುತ್ತದೆ ಎಂಬ ನಂಬಿಕೆ ನಮ್ಮಲ್ಲಿ ಬಲವಾಗಿದೆಯಾದರೂ ತಂದೆಯ ಕಡೆಯಿಂದಲೂ ಬರಬಹುದು.

ಆದರೂ ಪತ್ರ ಓದಿ ರೋಗ ನಿರ್ಧರಿಸಲಾಗದು. ಚರ್ಮರೋಗ ತಜ್ಞರು ಸುಮಾರು 60 ಕೂದಲುಗಳ ಒಂದು ಗೊಂಚಲನ್ನು ಬೆರಳುಗಳ ನಡುವೆ ಹಿಡಿದು ಮೆಲ್ಲನೆ ಎಳೆದು, ಎಷ್ಟು ಕಿತ್ತು ಬಂದವು ಎಂದು ನೋಡುತ್ತಾರೆ. ಡರ್ಮೊಸ್ಕೋಪ್ ಎಂಬ ಚಿಕ್ಕ ಉಪಕರಣವನ್ನು ನೆತ್ತಿಯ ಮೇಲಿಟ್ಟು ಬುಡಗಳನ್ನು ದೊಡ್ಡದಾಗಿಸಿ ಪರೀಕ್ಷಿಸುತ್ತಾರೆ. ದಪ್ಪ ಕೂದಲಿನ ಪಕ್ಕದಲ್ಲಿಯೇ ತೆಳ್ಳಗಿನ, ಬಣ್ಣ ಮಾಸಿದ ಎಳೆಗಳು ಅಲ್ಲಲ್ಲಿ ಬೆರೆತು ಕಂಡರೆ, ಅದೂ ತಲೆಯ ಹಿಂಭಾಗದಲ್ಲಿ ಹಾಗಿಲ್ಲದೆ ನೆತ್ತಿಯಲ್ಲಿ ಮಾತ್ರ ಇದ್ದರೆ, ಅನುಮಾನಕ್ಕೆ ಎಡೆಯಿರುವುದಿಲ್ಲ. ಇದಕ್ಕೆ ದೊಡ್ಡ ಖರ್ಚೂ ಇಲ್ಲ. ಮಂಗಳೂರಿನ ಸರಕಾರಿ ವೆನ್‌ಲಾಕ್ ಆಸ್ಪತ್ರೆಯ ಚರ್ಮರೋಗ ವಿಭಾಗಕ್ಕೆ ಹೋಗಿ ಚೀಟಿ ಮಾಡಿಸಿದರೂ ಆದೀತು.

ಇನ್ನು ಕಸಿಯ ವಿಚಾರ. ತಲೆಯ ಹಿಂಭಾಗದ ಮತ್ತು ಕಿವಿಯ ಮೇಲ್ಭಾಗದ ಕೂದಲಿಗೆ ಡಿಎಚ್‌ಟಿ ಅಷ್ಟಾಗಿ ತಾಗುವುದಿಲ್ಲವಾದ್ದರಿಂದ, ಅಲ್ಲಿನ ಬುಡಗಳನ್ನು ತೆಗೆದು ಬೋಳಾದಲ್ಲಿ ನೆಟ್ಟರೆ ಅವು ತಮ್ಮ ಮೂಲಗುಣವನ್ನು ಉಳಿಸಿಕೊಂಡು ಬೆಳೆಯುತ್ತವೆ. ಕಸಿ ನಿಂತಿರುವುದು ಈ ತತ್ತ್ವದ ಮೇಲೆಯೇ. ಆದರೆ ನಮ್ಮ ಊರಿನಲ್ಲಿ ನೇಜಿ (ಭತ್ತದ ಸಸಿ) ತೆಗೆದ ಗದ್ದೆಗೆ ಮುಂದಿನ ವರ್ಷ ಮತ್ತೆ ಬೀಜ ಹಾಕಬಹುದು. ತಲೆಯ ಹಿಂಭಾಗದಿಂದ ತೆಗೆದ ಬುಡ ಅಲ್ಲಿ ಮತ್ತೆ ಹುಟ್ಟುವುದಿಲ್ಲ. ಜೀವಮಾನಕ್ಕೆಲ್ಲ ಇರುವ ದಾಸ್ತಾನು ಅಷ್ಟೇ. 26ನೆಯ ವಯಸ್ಸಿನಲ್ಲಿ, ಬೋಳು ಎಲ್ಲಿಗೆ ಬಂದು ನಿಲ್ಲುತ್ತದೆಂದು ಯಾರೂ ಹೇಳಲಾಗದ ಹೊತ್ತಿನಲ್ಲಿ, ಹದಿನೆಂಟರ ಹುಡುಗನಂತೆ ಹಣೆಯನ್ನು ಕೆಳಗಿಳಿಸಿ 3000 ಗ್ರಾಫ್ಟ್‌ಗಳನ್ನು ಮುಂದೆಯೇ ಸುರಿದುಬಿಟ್ಟರೆ, ನಲವತ್ತರಲ್ಲಿ ನೆಟ್ಟ ಕೂದಲು ಮುಂದೆ ಒಂದು ಪಟ್ಟಿಯಾಗಿ ನಿಂತು, ಅದರ ಹಿಂದಿನ ಸ್ವಂತ ಕೂದಲು ಉದುರಿ ಬಯಲಾಗಿರುತ್ತದೆ. ಆಗ ಅದನ್ನು ತುಂಬಲು ಹಿಂಭಾಗದಲ್ಲಿ ಸಾಕಷ್ಟು ಉಳಿದಿರುವುದಿಲ್ಲ.

ಆದ್ದರಿಂದ ಮೊದಲು ಉದುರುವುದನ್ನು ಔಷಧದಿಂದ ನಿಲ್ಲಿಸಲು ನೋಡಬೇಕು. ಒಂದು, ತಲೆಗೆ ಹಚ್ಚುವ 5 ಶೇಕಡಾ ಮಿನಾಕ್ಸಿಡಿಲ್. ಇದು ಮೂಲತಃ ರಕ್ತದೊತ್ತಡಕ್ಕೆಂದು ಬಂದ ಮಾತ್ರೆ. ನುಂಗಿದವರ ಮೈಮೇಲೆ ಕೂದಲು ಬೆಳೆದದ್ದನ್ನು ಕಂಡು ಅದನ್ನು ದ್ರವರೂಪಕ್ಕೆ ತಂದರು, ಮತ್ತು ಅಮೆರಿಕದಲ್ಲಿ ಅದಕ್ಕೆ 1988ರಲ್ಲಿ ಅನುಮತಿ ದೊರೆಯಿತು. ಹಚ್ಚಲು ತೊಡಗಿದ ಮೊದಲ ಕೆಲವು ವಾರಗಳಲ್ಲಿ ಕೂದಲು ಇನ್ನಷ್ಟು ಉದುರುವುದುಂಟು. ಹಳೆಯ ಕೂದಲು ಹೊಸದಕ್ಕೆ ಜಾಗ ಬಿಡುತ್ತಿರುವ ಲಕ್ಷಣವದು, ಆದರೆ ಬಹಳ ಜನ ಅಲ್ಲಿಗೇ ಹೆದರಿ ಬಾಟಲಿಯನ್ನು ಮೂಲೆಗೆಸೆಯುತ್ತಾರೆ. ಪರಿಣಾಮ ಕಾಣಲು ನಾಲ್ಕರಿಂದ ಆರು ತಿಂಗಳು ಬೇಕು, ನಿಲ್ಲಿಸಿದರೆ ಕೆಲವೇ ತಿಂಗಳುಗಳಲ್ಲಿ ಗಳಿಸಿದ್ದೆಲ್ಲ ಹೋಗುತ್ತದೆ. ಮನೆಯಲ್ಲಿ ಬೆಕ್ಕಿದ್ದರೆ ಬಾಟಲಿಯನ್ನೂ ಔಷಧ ಹಚ್ಚಿಕೊಂಡು ಮಲಗಿದ ತಲೆದಿಂಬನ್ನೂ ಅದರಿಂದ ದೂರವಿಡಿ; ಅದಕ್ಕೆ ಈ ಔಷಧ ವಿಷ.

ಇನ್ನೊಂದು, ನಿಮ್ಮ ಗೆಳೆಯರು ಹೆದರಿಸಿದ ಫಿನಾಸ್ಟರೈಡ್ 1 ಮಿಲಿಗ್ರಾಂ ಮಾತ್ರೆ. ಇದು ಆ ಕಿಣ್ವವನ್ನೇ ತಡೆದು ರಕ್ತದಲ್ಲಿನ ಡಿಎಚ್‌ಟಿಯನ್ನು ಸುಮಾರು ಮೂರನೇ ಎರಡು ಪಾಲು ಇಳಿಸುತ್ತದೆ. ಅಮೆರಿಕದಲ್ಲಿ 1997ರಲ್ಲಿ ಅನುಮತಿ ಸಿಗಲು ಆಧಾರವಾದ ಪ್ರಯೋಗಗಳಲ್ಲಿ, ಮೊದಲ ವರ್ಷ ಲೈಂಗಿಕ ತೊಂದರೆಗಳನ್ನು ಹೇಳಿಕೊಂಡವರು ಮಾತ್ರೆ ಪಡೆದವರಲ್ಲಿ 3.8 ಶೇಕಡಾ, ಔಷಧವಿಲ್ಲದ ಹುಸಿಮಾತ್ರೆ ಪಡೆದವರಲ್ಲಿ 2.1 ಶೇಕಡಾ. ಅಂದರೆ ಬಹುಪಾಲು ಜನರಿಗೆ ತೊಂದರೆಯಾಗುವುದಿಲ್ಲ, ಕೆಲವರಿಗೆ ಖಂಡಿತ ಆಗುತ್ತದೆ, ಆದವರಲ್ಲಿ ಹೆಚ್ಚಿನವರಿಗೆ ನಿಲ್ಲಿಸಿದ ಮೇಲೆ ಸರಿಹೋಗುತ್ತದೆ; ನಿಲ್ಲಿಸಿದ ಬಳಿಕವೂ ಮುಂದುವರಿಯಿತೆಂದು ಹೇಳುವವರಿದ್ದಾರೆ, ಅವರ ಮಾತನ್ನು ತಳ್ಳಿಹಾಕಬಾರದು. ಮನಸ್ಸು ಕುಗ್ಗುವ ದೂರುಗಳೂ ಇವೆ. ಯುರೋಪಿನ ಔಷಧ ಸಂಸ್ಥೆಯು 2025ರಲ್ಲಿ ಆತ್ಮಹತ್ಯೆಯ ಆಲೋಚನೆಯನ್ನು ಈ ಮಾತ್ರೆಯ ಅಡ್ಡಪರಿಣಾಮವೆಂದು ದೃಢಪಡಿಸಿದೆ. ನೀವು ಹಿಂದೆ ಖಿನ್ನತೆಗೆ ಚಿಕಿತ್ಸೆ ಪಡೆದಿದ್ದರೆ ಅದನ್ನು ವೈದ್ಯರಿಗೆ ಮುಚ್ಚಿಡದೆ ಹೇಳಬೇಕು. ಮೆಡಿಕಲ್ ಅಂಗಡಿಯಲ್ಲಿ ಸುಮ್ಮನೆ ಕೇಳಿ ತಂದು ನುಂಗುವ ಮಾತ್ರೆ ಇದಲ್ಲ. ಇದನ್ನು ತೆಗೆದುಕೊಳ್ಳುತ್ತಿರುವವರು ರಕ್ತದಾನ ಶಿಬಿರಕ್ಕೂ ಹೋಗಬಾರದು, ಮಾತ್ರೆ ನಿಲ್ಲಿಸಿ ಕನಿಷ್ಠ ಒಂದು ತಿಂಗಳು ಕಳೆದಿರಬೇಕು.

ಔಷಧ ತೊಡಗುವ ದಿನ ಒಂದೇ ಬೆಳಕಿನಲ್ಲಿ, ಒಂದೇ ಜಾಗದಲ್ಲಿ ನಿಂತು ನೆತ್ತಿಯ ಫೋಟೊ ತೆಗೆಸಿಡಿ, ಮೂರು ತಿಂಗಳಿಗೊಮ್ಮೆ ಅದೇ ರೀತಿ ತೆಗೆಸಿ. ದಿನವೂ ಕನ್ನಡಿ ನೋಡುವವರಿಗೆ ಬದಲಾವಣೆ ತಿಳಿಯುವುದಿಲ್ಲ. ಒಂದು ವರ್ಷ ಕಳೆದು ಉದುರುವಿಕೆ ಹತೋಟಿಗೆ ಬಂದ ಮೇಲೂ ಕಸಿ ಬೇಕೆನಿಸಿದರೆ ಆಗ ಯೋಚಿಸಿ. ಆಗಲೂ, ರಾಷ್ಟ್ರೀಯ ವೈದ್ಯಕೀಯ ಆಯೋಗವು 2022ರಲ್ಲಿ ಕೊಟ್ಟ ಮಾರ್ಗಸೂಚಿಯನ್ನು ನೆನಪಿಡಿ: ಕಾರ್ಯಾಗಾರದಲ್ಲಿ ಕುಳಿತೋ ಯೂಟ್ಯೂಬ್ ನೋಡಿಯೋ ಕಲಿತದ್ದು ಕಸಿ ಮಾಡಲು ಸಾಲದು, ಅದಕ್ಕೆ ತಕ್ಕ ತರಬೇತಿ ಪಡೆದ ನೋಂದಾಯಿತ ವೈದ್ಯರೇ ಬೇಕು ಎಂದು ಅದು ಸ್ಪಷ್ಟವಾಗಿ ಹೇಳಿದೆ. ಬುಡ ತೆಗೆಯುವವರು ಯಾರು, ರಂಧ್ರ ಮಾಡುವವರು ಯಾರು, ಮರಗಟ್ಟಿಸುವ ಚುಚ್ಚುಮದ್ದಿನಿಂದ ತೊಂದರೆಯಾದರೆ ನೋಡಿಕೊಳ್ಳುವವರು ಯಾರು ಎಂದು ಕೇಳಿ. ಮುಜುಗರ ಬೇಡ.

ಮದುವೆಯ ಲೆಕ್ಕಕ್ಕೂ ಕಸಿ ಸುಲಭವಾಗಿ ಹೊಂದುವುದಿಲ್ಲ. ನೆಟ್ಟ ಕೂದಲು ಮೊದಲ ಕೆಲವು ವಾರಗಳಲ್ಲಿ ಉದುರಿ, ಮೂರು ನಾಲ್ಕು ತಿಂಗಳ ಬಳಿಕ ಚಿಗುರಿ, ತುಂಬಿಕೊಳ್ಳಲು ಒಂಬತ್ತರಿಂದ ಹನ್ನೆರಡು ತಿಂಗಳು ಬೇಕು. ಜಾತಕದೊಂದಿಗೆ ಕಳುಹಿಸುವ ಫೋಟೊ ಮಾತ್ರ ಈಗಿನದೇ ಆಗಿರಲಿ ಎಂಬುದು ವೈದ್ಯನಾಗಿ ಅಲ್ಲದಿದ್ದರೂ ಹಿರಿಯನಾಗಿ ನನ್ನ ಸಲಹೆ. ಕೂದಲಿದ್ದಾಗಿನ ಫೋಟೊ ನೋಡಿ ಒಪ್ಪಿದವರ ಮುಂದೆ ಹೋಗಿ ಕೂರುವ ಸಂಕಟ ನಿಮಗೂ ಬೇಡ, ಆ ಹುಡುಗಿಗೂ ಬೇಡ.

ಪ್ರಶ್ನೆ: ನನಗೆ 31 ವರ್ಷ. ಮಸ್ಕತ್‌ಗೆ ಬಂದ ಮೇಲೆ ಕೂದಲು ವಿಪರೀತ ಉದುರುತ್ತಿದೆ. ಇಲ್ಲಿನ ನೀರೇ ಕಾರಣವೆಂದು ರೂಮಿನವರೆಲ್ಲ ಹೇಳುತ್ತಾರೆ. ನಲ್ಲಿಗೆ ಫಿಲ್ಟರ್ ಹಾಕಿಸಿದೆ, ಬಯೋಟಿನ್ ಮಾತ್ರೆ ತೆಗೆದುಕೊಳ್ಳುತ್ತಿದ್ದೇನೆ. ಅಮ್ಮ ಗರುಗದ ಸೊಪ್ಪು ಹಾಕಿ ಕಾಯಿಸಿದ ತೆಂಗಿನೆಣ್ಣೆ ಕಳುಹಿಸುತ್ತಾರೆ. ಊರಿಗೆ ಮರಳಿದರೆ ಕೂದಲು ಮತ್ತೆ ಬರಬಹುದೇ?
ಬ್ರಹ್ಮಾವರದವರು

ಉತ್ತರ: ಗಲ್ಫ್‌ಗೆ ಹೋದ ನಮ್ಮ ಊರಿನ ಹುಡುಗರೆಲ್ಲರೂ ಹೇಳುವ ಮಾತಿದು. ಅಲ್ಲಿ ಸಮುದ್ರದ ನೀರಿನ ಉಪ್ಪು ತೆಗೆದು ನಲ್ಲಿಗೆ ಬಿಡುತ್ತಾರೆಂಬುದು ನಿಜ. ಆದರೆ ತಲೆಗೆ ಸುರಿದ ನೀರು ಚರ್ಮದಡಿಯ ಬುಡವನ್ನು ಕೊಲ್ಲುವುದಿಲ್ಲ. ಕ್ಲೋರಿನ್ ಅಥವಾ ಲವಣಾಂಶ ಹೆಚ್ಚಿದ್ದರೆ ಕೂದಲಿನ ಎಳೆ ಒರಟಾಗಿ ನಡುವೆ ತುಂಡಾಗಬಹುದು, ಅಷ್ಟೇ. ನಮ್ಮಲ್ಲಿಯೂ ಕಡಲ ಬದಿಯ ಎಷ್ಟೋ ಬಾವಿಗಳ ನೀರು ಏಪ್ರಿಲ್, ಮೇ ತಿಂಗಳಲ್ಲಿ ಉಪ್ಪಾಗುತ್ತದೆ. ಆ ಮನೆಗಳವರೆಲ್ಲ ಬೋಳಾಗಿಲ್ಲ. ನಮ್ಮ ಹುಡುಗರು ವಿಮಾನ ಹತ್ತುವ ವಯಸ್ಸೂ ವಂಶದ ಬೋಳುತನ ತಲೆದೋರುವ ವಯಸ್ಸೂ ಒಂದೇ ಆಗಿರುವುದರಿಂದ ನೀರಿನ ಮೇಲೆ ಅಪವಾದ ಬರುತ್ತದೆ.

ಹಾಗಿದ್ದರೂ ನಿಮ್ಮ ವಿಷಯದಲ್ಲಿ ಇನ್ನೊಂದು ಸಾಧ್ಯತೆಯನ್ನು ನೋಡಬೇಕು. ಜೋರು ಜ್ವರ, ಡೆಂಗಿ, ಟೈಫಾಯ್ಡ್, ಶಸ್ತ್ರಚಿಕಿತ್ಸೆ ಅಥವಾ ಊಟ ಸೇರದೆ ತೂಕ ಬೇಗನೆ ಇಳಿದ ಎರಡು ಮೂರು ತಿಂಗಳ ಬಳಿಕ ಇಡೀ ತಲೆಯಿಂದ ಏಕಪ್ರಕಾರವಾಗಿ ಕೂದಲು ಉದುರುವುದುಂಟು. ದಿನಕ್ಕೆ 50ರಿಂದ 100 ಕೂದಲು ಉದುರುವುದು ಎಲ್ಲರಿಗೂ ಸಹಜ. ಈ ಸ್ಥಿತಿಯಲ್ಲಿ ಅದು ಎಷ್ಟೋ ಪಟ್ಟು ಹೆಚ್ಚಿ, ಸ್ನಾನ ಮಾಡಿದಾಗ ಬಚ್ಚಲಿನ ಜಾಲರಿಯೇ ಮುಚ್ಚಿಹೋಗುತ್ತದೆ. ನೋಡಲು ಭಯವಾದರೂ ಕಾರಣ ಸರಿಹೋದರೆ ಸುಮಾರು ಆರು ತಿಂಗಳಲ್ಲಿ ಇದು ತಾನಾಗಿಯೇ ನಿಲ್ಲುತ್ತದೆ, ಬುಡಗಳಿಗೆ ಹಾನಿಯಾಗುವುದಿಲ್ಲ. ಹಣೆಯೂ ನೆತ್ತಿಯೂ ಮಾತ್ರ ನಿಧಾನವಾಗಿ ತೆಳ್ಳಗಾಗುತ್ತಿದ್ದರೆ, ಊರಿಗೆ ಬಂದು ಬಾವಿನೀರಿನಲ್ಲಿ ಮಿಂದರೂ ಬದಲಾಗದು. ಮೇಲಿನ ಉತ್ತರದಲ್ಲಿ ಹೇಳಿದ ಔಷಧಗಳೇ ದಾರಿ.

ಬಯೋಟಿನ್ ಕೊರತೆ ಸಾಮಾನ್ಯ ಊಟ ಮಾಡುವವರಲ್ಲಿ ತೀರ ಅಪರೂಪ. ಕೊರತೆಯಿಲ್ಲದವರಿಗೆ ಅದರಿಂದ ಕೂದಲು ಹೆಚ್ಚುತ್ತದೆಂಬುದಕ್ಕೆ ಆಧಾರವಿಲ್ಲ, ಮೇಲಾಗಿ ಅದು ಥೈರಾಯ್ಡ್ ಮತ್ತು ಹೃದಯಾಘಾತದ ರಕ್ತಪರೀಕ್ಷೆಗಳ ಫಲಿತಾಂಶವನ್ನು ತಪ್ಪಾಗಿ ತೋರಿಸಬಲ್ಲದು. ರಕ್ತ ಕೊಡುವ ಮೊದಲು ಅದನ್ನು ನಿಲ್ಲಿಸಿರಬೇಕು, ಪ್ರಯೋಗಾಲಯದವರಿಗೂ ಹೇಳಬೇಕು. ಅಮ್ಮನ ಎಣ್ಣೆಯನ್ನು ಬಿಡಬೇಡಿ. ತೆಂಗಿನೆಣ್ಣೆ ಎಳೆಯೊಳಗಿನ ಪ್ರೋಟೀನ್ ಕಳೆದುಹೋಗುವುದನ್ನು ತಗ್ಗಿಸಿ ಕೂದಲನ್ನು ತುಂಡಾಗದಂತೆ ಕಾಯುತ್ತದೆ. ಬೋಳಾದಲ್ಲಿ ಹೊಸದನ್ನು ಹುಟ್ಟಿಸುವ ಕೆಲಸವನ್ನು ಮಾತ್ರ ಅದರಿಂದ ನಿರೀಕ್ಷಿಸಬಾರದು.

ಪ್ರಶ್ನೆ: ನನ್ನ ಪತಿ ಕೂದಲಿಗಾಗಿ ಫಿನಾಸ್ಟರೈಡ್ ತೆಗೆದುಕೊಳ್ಳುತ್ತಾರೆ. ಅಗ್ಗವಾಗುತ್ತದೆಂದು ಪ್ರಾಸ್ಟೇಟ್ ತೊಂದರೆಗೆ ಕೊಡುವ 5 ಮಿಲಿಗ್ರಾಂ ಮಾತ್ರೆಯನ್ನು ತಂದು, ಅಡುಗೆಮನೆಯಲ್ಲಿ ಚಾಕುವಿನಿಂದ ನಾಲ್ಕು ತುಂಡು ಮಾಡಿ ಡಬ್ಬಿಯಲ್ಲಿ ಹಾಕಿಡುತ್ತಾರೆ. ಎಷ್ಟೋ ಸಲ ತುಂಡು ಮಾಡಿದವಳು ನಾನೇ. ಈಗ ನನಗೆ ಎರಡು ತಿಂಗಳು. ಮಗುವಿಗೆ ಏನಾದರೂ ಆಗಬಹುದೇ?
ಉಡುಪಿಯ ಓದುಗರು

ಉತ್ತರ: ಅಮ್ಮಾ, ನಿಮ್ಮ ಭಯ ಅರ್ಥವಾಗುತ್ತದೆ. ಗರ್ಭದಲ್ಲಿರುವ ಗಂಡು ಶಿಶುವಿನ ಜನನಾಂಗ ಬೆಳೆಯಲು ಡಿಎಚ್‌ಟಿ ಬೇಕು. ಹಾಗಾಗಿ ಗರ್ಭಿಣಿಯರು ಈ ಮಾತ್ರೆಯನ್ನು ನುಂಗಬಾರದು, ಒಡೆದ ಅಥವಾ ಪುಡಿಯಾದ ಮಾತ್ರೆಯನ್ನು ಮುಟ್ಟಲೂಬಾರದು ಎಂಬ ಎಚ್ಚರಿಕೆಯಿದೆ. ಆದರೆ ಕೈಗೆ ಒಂದಿಷ್ಟು ಪುಡಿ ತಾಗಿದ ಮಾತ್ರಕ್ಕೆ ಮಗುವಿಗೆ ಹಾನಿಯಾಗಿದೆ ಎಂದು ಭಾವಿಸಬೇಕಾಗಿಲ್ಲ. ಇವತ್ತಿನಿಂದ ಆ ಡಬ್ಬಿಯನ್ನು ಮುಟ್ಟಬೇಡಿ; ಚಾಕುವನ್ನೂ ಮಣೆಯನ್ನೂ ಪತಿಯೇ ಸೋಪು ಹಾಕಿ ತೊಳೆದಿಡಲಿ; ನಿಮ್ಮನ್ನು ನೋಡುವ ಸ್ತ್ರೀರೋಗ ತಜ್ಞರಿಗೆ ಮುಂದಿನ ಭೇಟಿಯಲ್ಲಿ ಈ ವಿಷಯವನ್ನು ಹೇಳಿ, ಸ್ಕ್ಯಾನ್ ಯಾವಾಗ ಬೇಕೆಂದು ಅವರೇ ನಿರ್ಧರಿಸುತ್ತಾರೆ. ಪತಿಯ ವೀರ್ಯದಲ್ಲಿ ಬರಬಹುದಾದ ಔಷಧದ ಪ್ರಮಾಣ ತೀರ ಅಲ್ಪ, ಅದರಿಂದ ಶಿಶುವಿಗೆ ಅಪಾಯವಿದೆಯೆಂದು ಪರಿಗಣಿಸಿಲ್ಲ. ಅವರು ಮುಂದುವರಿಸುವುದಾದರೆ ಮೇಲ್ಪದರ ಒಡೆಯದ 1 ಮಿಲಿಗ್ರಾಂ ಇಡೀ ಮಾತ್ರೆಯನ್ನೇ ತೆಗೆದುಕೊಳ್ಳಲಿ. ಉಳಿತಾಯವಾಗುತ್ತಿದ್ದ ಆ ಹಣಕ್ಕಾಗಿ ಮನೆಯೊಳಗೆ ಈ ಪುಡಿ ಬೇಡ.

ಪ್ರಶ್ನೆ: ನಾನು 48 ವರ್ಷದ ಶಿಕ್ಷಕ. ತಲೆ ಪೂರ್ತಿ ಬೋಳಾಗಿದೆ, ನನಗೆ ಅದರ ಚಿಂತೆಯಿಲ್ಲ. ಮಕ್ಕಳು ಮಾತ್ರ ಚಿಕಿತ್ಸೆ ಮಾಡಿಸಿ ಎಂದು ಒತ್ತಾಯಿಸುತ್ತಾರೆ. ಏನೂ ಮಾಡದಿದ್ದರೆ ತಪ್ಪೇ?
ಮೂಲ್ಕಿ

ಉತ್ತರ: ಖಂಡಿತ ತಪ್ಪಲ್ಲ. ವಂಶದಿಂದ ಬಂದ ಬೋಳುತನದಿಂದ ತಲೆಗೆ ನೋವಿಲ್ಲ; ಅದಕ್ಕೆ ಚಿಕಿತ್ಸೆ ಬೇಕೋ ಬೇಡವೋ ಎಂದು ನಿರ್ಧರಿಸುವ ಹಕ್ಕು ತಲೆಯ ಒಡೆಯರದ್ದು, ಮಕ್ಕಳದ್ದಲ್ಲ. ಈ ಉತ್ತರವನ್ನು ಅವರಿಗೆ ಓದಿ ಹೇಳಿ. ಬಹಳ ವರ್ಷಗಳಿಂದ ನುಣ್ಣಗಾಗಿರುವ ಚರ್ಮದಲ್ಲಿ ಹಚ್ಚುವ ಔಷಧಕ್ಕೆ ಹೆಚ್ಚು ಕೆಲಸವೂ ಇರುವುದಿಲ್ಲ. ನೀವು ನೋಡಿಕೊಳ್ಳಬೇಕಾದದ್ದು ಬಿಸಿಲನ್ನು. ಶಾಲೆಯ ಮೈದಾನದಲ್ಲಿ ನಿಲ್ಲುವಾಗ, ಸ್ಕೂಟರಿನಿಂದಿಳಿದು ನಡೆಯುವಾಗ ಟೋಪಿ ಧರಿಸಿ, ಇಲ್ಲವಾದರೆ ಎಸ್‌ಪಿಎಫ್ 30 ಅಥವಾ ಹೆಚ್ಚಿನ ಸನ್‌ಸ್ಕ್ರೀನ್ ಹಚ್ಚಿ. ನೆತ್ತಿಯ ಮೇಲೆ ಹುಣ್ಣೋ ಒರಟು ಕಲೆಯೋ ಎದ್ದು ಒಂದು ತಿಂಗಳಾದರೂ ಮಾಯದಿದ್ದರೆ ಚರ್ಮರೋಗ ತಜ್ಞರಿಗೆ ತೋರಿಸಿ.