ಬ್ಯಾಕಪ್ ಹಚ್ಚಿದರೆ ಮಷೀನೇ ನಿಲ್ಲುತ್ತದೆ!

ಪ್ರಶ್ನೆ: ಬೀದರ್‌ನಲ್ಲಿ ನನ್ನ ಸ್ಕ್ಯಾನಿಂಗ್ ಅಂಗಡಿ. 512 ಎಂಬಿ ರ‍್ಯಾಮಿನ ಹಳೇ ಲಿನಕ್ಸ್ ಕಂಪ್ಯೂಟರ್, ಪುಟಕ್ಕೊಂದರಂತೆ ಸುಮಾರು 20 ಲಕ್ಷ ಫೈಲು. ದಿನಾ ರಾತ್ರಿ ಫೈಲು ನಕಲಿಸುವ ಆರ್‌ಸಿಂಕ್ ಪ್ರೋಗ್ರಾಮಿನಲ್ಲಿ ‘ಡಿಲೀಟ್-ಆಫ್ಟರ್’ (ಮೂಲದಲ್ಲಿ ಇಲ್ಲದ ಫೈಲನ್ನು ನಕಲು ಮುಗಿದ ಮೇಲೆ ಬ್ಯಾಕಪ್ಪಿನಿಂದ ಅಳಿಸುವ ಆಯ್ಕೆ) ಹಾಕಿ ಬ್ಯಾಕಪ್ ಹಚ್ಚುತ್ತೇನೆ. ಬೆಳಿಗ್ಗೆ ನೋಡಿದರೆ ಮೌಸೂ ಅಲುಗಾಡಲ್ಲ. ಹೊಸ ರ‍್ಯಾಮ್ ಬೇಕೇನ್ರಿ?

ಉತ್ತರ: ಸದ್ಯಕ್ಕೆ ದುಡ್ಡು ಬಿಚ್ಚಬೇಡಿ, ಅಣ್ಣಾ. ಕಲಬುರಗಿಯ ನನ್ನ ಡಿಟಿಪಿ ಅಂಗಡಿಯಲ್ಲೂ ಇದೇ ಕತೆ ಆಗಿತ್ತು. ಮೇ ತಿಂಗಳ ಸೆಕೆಗೆ ಮಷೀನು ಕಾದಿದೆ ಅಂತ ಸುಮ್ನೆ ಟೇಬಲ್ ಫ್ಯಾನ್ ತಿರುಗಿಸಿಟ್ಟೆ. ತಪ್ಪು ಬೇರೆ ಕಡೆ ಇತ್ತು.

ರ‍್ಯಾಮ್ ತಿನ್ನುವುದು ಫೈಲಿನ ಗಾತ್ರ ಅಲ್ಲ, ಫೈಲುಗಳ ಸಂಖ್ಯೆ. ಒಂದು ಫೈಲಿಗೆ ಸುಮಾರು 100 ಬೈಟ್ ಹಿಡಿದರೂ ಆರ್‌ಸಿಂಕ್ ನೆನಪಿನಲ್ಲಿ ಇಟ್ಟುಕೊಳ್ಳುವ ನಿಮ್ಮ ಫೈಲುಗಳ ಪಟ್ಟಿಗೇ 200 ಎಂಬಿ ಬೇಕು. ಕಳಿಸುವ ಕಡೆ ಒಂದು ಪಟ್ಟಿ, ಇಳಿಸುವ ಕಡೆ ಇನ್ನೊಂದು. ಎರಡೂ ನಿಮ್ಮ ಒಂದೇ ಮಷೀನಿನಲ್ಲಿ!

2008ರ 3.0.0 ಆವೃತ್ತಿಯಿಂದ ಆರ್‌ಸಿಂಕ್ ಪಟ್ಟಿಯನ್ನು ಒಂದೊಂದೇ ಫೋಲ್ಡರಿನಂತೆ ತುಂಡು ತುಂಡಾಗಿ ಓದುತ್ತದೆ. ಆದರೆ ‘ಡಿಲೀಟ್-ಆಫ್ಟರ್’ ಹಾಕಿದರೆ ಮತ್ತೆ ಪೂರ್ತಿ ಪಟ್ಟಿ ಹೊತ್ತುಕೊಳ್ಳುತ್ತದೆ. ಅದನ್ನು ತೆಗೆದು ‘ಡಿಲೀಟ್-ಡ್ಯೂರಿಂಗ್’ (ನಕಲು ನಡೆಯುವಾಗಲೇ ಅಳಿಸುವ ಆಯ್ಕೆ) ಹಾಕಿ. ಎಲ್ಲ ಪುಟ ಒಂದೇ ಫೋಲ್ಡರಿನಲ್ಲಿ ಸುರಿದಿದ್ದರೆ ಮಾತ್ರ ಇದರಿಂದ ಜಾಸ್ತಿ ಲಾಭವಿಲ್ಲ. ತಿಂಗಳಿಗೊಂದು ಫೋಲ್ಡರ್ ಮಾಡಿ.

ದಿನದಿನದ ಪ್ರತಿ ಬೇಕಾದರೆ ಆರ್‌ಸಿಂಕ್‌ನಲ್ಲೇ ‘ಲಿಂಕ್-ಡೆಸ್ಟ್’ ಆಯ್ಕೆ ಇದೆ. ಬದಲಾಗದ ಫೈಲಿಗೆ ಹೊಸ ಜಾಗ ಬೇಡ, ಹಾರ್ಡ್ ಲಿಂಕ್ (ಅದೇ ಫೈಲಿಗೆ ಇನ್ನೊಂದು ಹೆಸರು) ಸಾಕು. ಎಕ್ಸ್‌ಫ್ಯಾಟ್ ಮಾದರಿಯಲ್ಲಿ ಫಾರ್ಮ್ಯಾಟ್ ಆದ ಪೆನ್‌ಡ್ರೈವಿನಲ್ಲಿ ಇದು ನಡೆಯಲ್ಲ. ಬ್ಯಾಕಪ್ ಡಿಸ್ಕು ಲಿನಕ್ಸಿನ ಇಎಕ್ಸ್‌ಟಿ4 ಫಾರ್ಮ್ಯಾಟಿನದಾಗಿರಲಿ.